ಕೊಟ್ಟಿಗೆ ನೆಟ್ಟಗಾದ ಮೇಲೆ

ಮನೆಯಿಂದ,
ಮಾರ್ಚ್ ಹನ್ನೊಂದು, ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಕೋಪದಲ್ಲಿದ್ದೀಯ ಎಂಬುದಂತೂ ಗೊತ್ತೇ ಇದೆ. ನಿನ್ನ ಕಾಗದಗಳು ಒಂದರ ಮೇಲೊಂದು ಬಂದು ಕೂತಿವೆ. ಕೊನೆಯದನ್ನು 'ಅತ್ತಿಗೆಯವರಿಗೆ' ಎಂದು ಶುರು ಮಾಡಿದ್ದೀಯಲ್ಲ, ಅಲ್ಲೇ ನನಗೆ ಎಲ್ಲ ಅರ್ಥವಾಯಿತು. ಒಂದೇ ಬೆಂಚಿನಲ್ಲಿ ಕೂತು ಓದಿದವಳು, ನನ್ನನ್ನು ಕೊಕ್ಕರೆ ಎಂದು ಶಾಲೆಗೆಲ್ಲ ಸಾರಿದವಳು, ಹಟ ಹಿಡಿದು ನಿನ್ನಣ್ಣನಿಗೆ ನನ್ನನ್ನು ಗಂಟು ಹಾಕಿದವಳು ಇದ್ದಕ್ಕಿದ್ದಂತೆ 'ಅತ್ತಿಗೆಯವರೇ' ಅಂದರೆ ಅದಕ್ಕಿಂತ ದೊಡ್ಡ ಬೈಗುಳ ಇನ್ನೇನಿದೆ. ತಪ್ಪಾಯಿತು ಕಣೇ, ಹೊಟ್ಟೆಗೆ ಹಾಕಿಕೋ.

ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದರೆ ಏಣಿ ಹತ್ತುವವಳು ನೀನು, ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಯಜಮಾನರು ಅಡುಗೆ ಕಲಿತರಂತೆ, ಓದಿ ಸಂತೋಷವಾಯಿತು. ತಿನ್ನುವವರ ಪಾಡೇನು ಎಂದು ಮಾತ್ರ ನೀನು ಬರೆದಿಲ್ಲ.

ಫೋನಿನಲ್ಲಿ ನೀನು ಕೇಳಿದಾಗಲೆಲ್ಲ 'ಚೆನ್ನಾಗಿದ್ದಾರೆ' ಎಂದು ಹೇಳಿ ಇಟ್ಟುಬಿಡುತ್ತಿದ್ದೆ. ಅವರು ಪಕ್ಕದಲ್ಲೇ ಕೂತಿರುತ್ತಾರೆ, ಅವರ ಎದುರಿಗೇ ಅವರ ವಿಷಯ ಹೇಗೆ ಹೇಳಲಿ. ಈಗ ಹೊರಗೆ ಹೋಗಿದ್ದಾರೆ. ಎಲ್ಲಿಗೆ ಎಂದು ಆಮೇಲೆ ಹೇಳುತ್ತೇನೆ. ಅವರು ಬರುವಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು.

ಮೊದಲು ನಿಜ ಹೇಳಿಬಿಡುತ್ತೇನೆ. ಚಳಿಗಾಲದ ಶುರುವಿನಲ್ಲಿ ನಿನ್ನಣ್ಣನಿಗೆ ಆದದ್ದು ತಲೆಸುತ್ತಲ್ಲ. ಲಕ್ವ ಹೊಡೆದಿತ್ತು. ನೀನು ಆಗ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದೆ. ಹೇಳಿದ್ದರೆ ಹೊಲಿಗೆ ಕಿತ್ತುಕೊಂಡಾದರೂ ಎದ್ದು ಬರುತ್ತಿದ್ದೆ, ಅದಕ್ಕೇ ತಲೆಸುತ್ತು ಎಂದೆ. ಬಾಯಿ ಸ್ವಲ್ಪ ಸೊಟ್ಟಗಾಗಿತ್ತು, ಎಡಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಬಾಯಿ ಬೇಗ ಸರಿಹೋಯಿತು. ಕೈಯನ್ನು ಅವರೇ ಬೈದು, ಗದರಿಸಿ, ಹಿಟ್ಟು ನಾದಿಸಿ ದಾರಿಗೆ ತಂದರು. ಇಷ್ಟರಲ್ಲೇ ಮುಗಿದದ್ದು ನಿಮ್ಮ ಪುಣ್ಯ ಎಂದು ಡಾಕ್ಟರು ಹೇಳಿದರು. ನಾನೂ ಹಾಗೇ ಅಂದುಕೊಂಡೆ. ಮುಗಿಯದೇ ಉಳಿದದ್ದು ಒಂದಿತ್ತು, ಅದು ನಮಗೆ ಗೊತ್ತೇ ಆಗಲಿಲ್ಲ.

ಮನೆಯಲ್ಲಿ ಏನಾಗುತ್ತಿತ್ತು ಗೊತ್ತಾ? ಗೋಡೆಯ ಗಡಿಯಾರವನ್ನು ಅವರು ದಿನಾ ಸರಿಪಡಿಸುತ್ತಿದ್ದರು. ಕಸ ಹೊಡೆಯಲು ಬಂದಾಗ ನೋಡಿದರೆ ಸೊಟ್ಟಗೆ ತೂಗುತ್ತಿರುತ್ತಿತ್ತು, ನಾನು ನೆಟ್ಟಗೆ ಮಾಡುತ್ತಿದ್ದೆ. ಸಂಜೆಗೆ ಮತ್ತೆ ಸೊಟ್ಟ. ಎಡಗೈ ಇನ್ನೂ ಪಳಗಿಲ್ಲ ಎಂದುಕೊಂಡೆ. ಊಟದ ಮೇಜಿನ ಕಾಲಿನ ಕೆಳಗೆ ಒಂದು ಮರದ ಚೂರು ಕೊಟ್ಟು 'ಈಗ ಸರಿಯಾಯ್ತು ನೋಡು' ಅಂದರು. ಅಂದಿನಿಂದ ನಿಂಬೆಹಣ್ಣು ಇಟ್ಟರೆ ಉರುಳಿಕೊಂಡು ನನ್ನ ಮಡಿಲಿಗೇ ಬರುತ್ತಿತ್ತು. ನಾನು ಒಲೆಯ ಮುಂದೆ ನಿಂತಿದ್ದರೆ ಹಿಂದಿನಿಂದ ಬಂದು, ಯಾಕೆ ಹಾಗೆ ಒಂದು ಕಡೆ ವಾಲಿಕೊಂಡು ನಿಂತಿದ್ದೀಯ, ನೆಟ್ಟಗೆ ನಿಲ್ಲಬಾರದಾ ಎಂದು ಗದರುತ್ತಿದ್ದರು. ಸೊಂಟ ಹಳೇದಾಯಿತು, ಹೊಸದು ಹಾಕಿಸಿ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವರು ನನ್ನ ಭುಜ ಹಿಡಿದು ಸರಿಪಡಿಸಿ ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ ನನಗದು ಇಷ್ಟವೇ ಆಗುತ್ತಿತ್ತು. ಈ ವಯಸ್ಸಿನಲ್ಲಿ ಭುಜ ಹಿಡಿಯುವ ಗಂಡ ಎಷ್ಟು ಜನಕ್ಕಿದ್ದಾನೆ.

ಹೀಗಿರುವಾಗ ಆ ಕೊಟ್ಟಿಗೆಯ ಕೆಲಸ ಬಂತು. ಊರ ಹೊರಗಿನ ತಿರುವಿನಲ್ಲಿ ದಾರಿಯ ಕಡೆ ಬಾಗಿಕೊಂಡು ನಿಂತಿದೆಯಲ್ಲ, ಶಾಲೆಗೆ ಹೋಗುವಾಗ ಅದರ ಪಕ್ಕ ಬಂದರೆ ನಾವು ಉಸಿರು ಬಿಗಿಹಿಡಿದು ಓಡುತ್ತಿದ್ದೆವು, ಅದೇ. ಪೂರಾ ಮರದ್ದು. ಕಂಬ, ತೊಲೆ, ಮೂಲೆಯ ಓರೆ ಆಸರೆಗಳು ಎಲ್ಲವನ್ನೂ ಒಂದರೊಳಗೊಂದು ಕೂರಿಸಿ ಮರದ ಗೂಟ ಬಡಿದು ನಿಲ್ಲಿಸಿದ್ದು. ಹುಡುಕಿದರೂ ಒಂದು ಕಬ್ಬಿಣದ ಮೊಳೆ ಸಿಗುವುದಿಲ್ಲ. ಕೆಳಗೆ ಹಸುಗಳು, ಮೇಲೆ ಹುಲ್ಲಿನ ಅಟ್ಟ. ಗಂಜಲದ ತೇವಕ್ಕೆ ದಾರಿಯ ಕಡೆಯ ಕಂಬಗಳ ಬುಡ ಕೊಳೆತು ಕುಸಿದು, ಇಡೀ ಚೌಕಟ್ಟು ಆ ಕಡೆಗೆ ವಾಲಿತ್ತು. ಒಂಟಿಯಾಗಿ ಹಸು ಸಾಕಿ ಹಾಲು ಮಾರುವ ಹೆಂಗಸು ಅದರ ಒಡತಿ. ಕೆಡವಿ ತಗಡಿನ ಶೆಡ್ಡು ಹಾಕಿಸು ಎಂದು ಎಲ್ಲರೂ ಅವಳ ತಲೆ ತಿಂದಿದ್ದರು. ಅವಳಿಗೆ ಮನಸ್ಸಿಲ್ಲ. ಒಂದು ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತು, ಮೇಸ್ತ್ರಿಯ ಕೈಲಾಗುತ್ತದೆ ಎಂದರೆ ಮಾತ್ರ ಉಳಿಸುತ್ತೇನೆ, ಇಲ್ಲವಾದರೆ ಕೆಡವಿಸುತ್ತೇನೆ ಎಂದಳು. ಹಾಗೆನ್ನುತ್ತಾ ಅವಳು ನಿನ್ನಣ್ಣನ ಎಡಗೈಯನ್ನೇ ನೋಡುತ್ತಿದ್ದಳು. ಅವರಿಗೂ ಅದು ಕಾಣಿಸಿತು. ನಾನು ಬಾಯಿ ತೆಗೆಯುವ ಮುಂಚೆ ಒಪ್ಪಿಕೊಂಡುಬಿಟ್ಟರು.

ನಮ್ಮ ಕಸುಬು ನೀನು ಕಾಣದ್ದಲ್ಲ. ಆದರೂ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ವಾಲಿದ ಕಟ್ಟಡವನ್ನು ಒಂದೇ ಸಲ ಎಳೆಯುವಂತಿಲ್ಲ. ಕಂಬಗಳ ತಲೆಗೆ ಸರಪಳಿ ಬಿಗಿದು, ಎದುರು ದಿಕ್ಕಿನ ಹೊಲದಲ್ಲಿ ಹೂತ ದಿಮ್ಮಿಗೆ ಕಟ್ಟಿ, ರಾಟೆಯಲ್ಲಿ ಸ್ವಲ್ಪ ಎಳೆದು ಬಿಡಬೇಕು. ಮರ ಗೊಣಗುತ್ತದೆ. ಗೊಣಗಾಟ ನಿಂತ ಮೇಲೆ ಮರುದಿನ ಇನ್ನಷ್ಟು. ರಾಟೆ ಹಿಡಿಯುವವನು ನಮ್ಮ ಗೂಳಿ. ಹೆಸರಿಗೆ ಗೂಳಿ, ಕೋಳಿ ಎದುರು ಬಂದರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಆದರೆ ರಾಟೆಯ ಮುಂದೆ ಕೂತರೆ ಅವನ ಕೈ ಅಲುಗುವುದಿಲ್ಲ. ನನ್ನದು ದಾರದ ಕೆಲಸ. ಮೇಲಿನ ತೊಲೆಯಿಂದ ತೂಗುಗುಂಡು ಇಳಿಬಿಟ್ಟು, ದಾರಕ್ಕೂ ಕಂಬಕ್ಕೂ ಮೇಲೆಷ್ಟು ಅಂತರ, ಕೆಳಗೆಷ್ಟು ಅಂತರ ಎಂದು ಅಳೆದು ಕೂಗಿ ಹೇಳಬೇಕು.

ಆದರೆ ಹಳೆಯ ಕಂಬಗಳು ಕೊಡಲಿಯಲ್ಲಿ ಕೆತ್ತಿದವು. ಒಂದು ಬದಿ ಉಬ್ಬಿರುತ್ತದೆ, ಇನ್ನೊಂದು ಬದಿ ತಗ್ಗಿರುತ್ತದೆ. ದಾರ ಒಂದು ಕಂಬದ ಒಂದು ಮುಖದ ಮಾತು ಹೇಳುತ್ತದೆ ಅಷ್ಟೇ. ಇಡೀ ಕಟ್ಟಡ ನೆಟ್ಟಗಾಯಿತೇ ಎಂದು ತೀರ್ಮಾನಿಸುವುದು ಮೇಸ್ತ್ರಿಯ ಕಣ್ಣು. ಅವರು ದೂರದಲ್ಲಿ ನಿಂತು 'ಸಾಕು' ಎನ್ನುವವರೆಗೆ ರಾಟೆ ನಿಲ್ಲಬಾರದು, ಎಂದ ಮೇಲೆ ಒಂದು ಹಲ್ಲು ಕೂಡ ತಿರುಗಬಾರದು. ಆ ಮಾತನ್ನು ಬೇರೆ ಯಾರೂ ಆಡುವಂತಿಲ್ಲ. ಕೆಲಸದ ಜಾಗದಲ್ಲಿ ಊಟಕ್ಕೆ ಬಡಿಸುವಾಗ ಕೂಡ ನಮ್ಮಲ್ಲಿ ಯಾರೂ ಸಾಕು ಎನ್ನುವುದಿಲ್ಲ, ಕೈ ಅಡ್ಡ ಹಿಡಿಯುತ್ತಾರೆ. ನೀನು ಒಮ್ಮೆ ಬಂದಾಗ ತಿಳಿಯದೆ ಸಾಕು ಸಾಕು ಎಂದು ಕೂಗಿ, ರಾಟೆಯವನು ಗಾಬರಿಯಾಗಿ ನಿಲ್ಲಿಸಿ, ನಿನ್ನಣ್ಣ ನಿನ್ನನ್ನು ತಟ್ಟೆಯ ಸಮೇತ ಗೇಟಿನಾಚೆ ಕಳಿಸಿದ್ದು ನೆನಪಿದೆಯಾ?

ಮತ್ತೆ ಒಂದು ವಿಷಯ. ಎಳೆತ ಬಿಟ್ಟಾಗ ಮರ ಸ್ವಲ್ಪ ಹಿಂದಕ್ಕೆ ಬರುತ್ತದೆ. ಅದಕ್ಕಾಗಿ ನೆಟ್ಟಗಾದ ಮೇಲೂ ಒಂದಿಷ್ಟು ಹೆಚ್ಚೇ ಎಳೆಯುವುದುಂಟು. ಎಷ್ಟು ಹೆಚ್ಚು ಎನ್ನುವುದೂ ಮೇಸ್ತ್ರಿಗೇ ಬಿಟ್ಟದ್ದು. ಅವರು ನನ್ನ ಅಳತೆಯನ್ನು ಮರುಪರೀಕ್ಷೆ ಮಾಡುವುದಿಲ್ಲ, ನಾನು ಅವರ ಮಾತನ್ನು ಪ್ರಶ್ನಿಸುವುದಿಲ್ಲ. ಮನೆಯಲ್ಲಿ ನನಗೆ ಬಾಯಿ ಜಾಸ್ತಿ, ಕೈ ದುಂದು ಎಂದು ಅವರ ದೂರು ಇದ್ದೇ ಇದೆ. ದಾರದ ವಿಷಯದಲ್ಲಿ ಮಾತ್ರ ಮದುವೆಯಾದಾಗಿನಿಂದ ನಾನು ಹೇಳಿದ್ದೇ ಹೇಳಿದ್ದು. ಇದು ಎಂಥ ಮರ್ಯಾದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮೊದಲ ವಾರಗಳು ಎಷ್ಟು ಚೆನ್ನಾಗಿದ್ದವು ಗೊತ್ತಾ. ಹಸುಗಳನ್ನು ಪಕ್ಕದ ಚಪ್ಪರಕ್ಕೆ ಸಾಗಿಸಿದೆವು. ಜಾಕಿ ಕೊಟ್ಟು ತೊಲೆಗಳನ್ನು ಎತ್ತಿ, ಕೊಳೆತ ಬುಡಗಳನ್ನು ಕತ್ತರಿಸಿ, ಗಟ್ಟಿ ಮರದ ಹೊಸ ಬುಡ ಕೂರಿಸಿದೆವು. ಹೊಸದಕ್ಕೂ ಹಳೆಯದಕ್ಕೂ ಕೂಡುವ ಜಾಗವನ್ನು ಅವರೇ ಉಳಿ ಹಿಡಿದು ಕೆತ್ತಿದರು. ತೊಡೆಯ ಮೇಲೆ ಇಟ್ಟುಕೊಂಡು ಮಾಡುವ ಕೆಲಸದಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ, ಬೆರಳು ಸವರಿಯೇ ನೋಡುತ್ತಿದ್ದರು. ಗೂಳಿ ನನ್ನ ಕಿವಿಯಲ್ಲಿ, ಮೇಸ್ತ್ರಿ ಮೊದಲಿಗಿಂತ ಚೆನ್ನಾಗಿ ಮಾಡುತ್ತಿದ್ದಾರಲ್ಲಕ್ಕ ಎಂದ. ಚಳಿಗಾಲವಿಡೀ ಕಿಟಕಿಯ ಪಕ್ಕ ಕೂತು ಮಂಕಾಗಿದ್ದ ಮನುಷ್ಯ ಊಟದ ಹೊತ್ತಿಗೆ ಹಳೆಯ ಕೆಲಸಗಳ ಕತೆ ಹೇಳತೊಡಗಿದರು. ಒಡತಿ ದಿನಾ ಒಂದು ತಂಬಿಗೆ ಹಾಲು ತಂದುಕೊಡುತ್ತಿದ್ದಳು, ಅವರ ಕೈ ನೋಡುವುದನ್ನು ಬಿಟ್ಟಿದ್ದಳು. ನಾನು ಮನಸ್ಸಿನಲ್ಲೇ ಹತ್ತು ಸಲ ಕೈಮುಗಿದೆ.

ಎಳೆಯುವ ಕೆಲಸವೂ ಹೆಚ್ಚುಕಡಿಮೆ ಮುಗಿಯುತ್ತಾ ಬಂತು. ಕೊನೆಯ ಎಳೆತದ ದಿನ ಗಾಳಿಯೇ ಇರಲಿಲ್ಲ. ಗೂಳಿ ರಾಟೆ ತಿರುಗಿಸಿದ, ಮರ ಗೊಣಗಿತು, ನಾನು ಅಳತೆ ಹೇಳುತ್ತಾ ಹೋದೆ. ಮೇಲಿನ ಅಂತರವೂ ಕೆಳಗಿನ ಅಂತರವೂ ಸಮವಾದವು. 'ದಾರ ಸೇರಿತು' ಎಂದು ಕೂಗಿದೆ. ನಿನ್ನಣ್ಣ ದಾರಿಯ ಆಚೆ, ತಿರುವಿನಲ್ಲಿ ಕಟ್ಟಡ ಪಕ್ಕದಿಂದ ಕಾಣುವ ಜಾಗದಲ್ಲಿ ನಿಂತಿದ್ದರು. ಕೈಯಲ್ಲೇ ಇನ್ನೂ ಎಂದು ತೋರಿಸಿದರು. ಹಿಂದಕ್ಕೆ ಬರುವ ಲೆಕ್ಕಕ್ಕೆ ಹೆಚ್ಚು ಎಳೆಸುತ್ತಿದ್ದಾರೆ ಎಂದು ನಾನೂ ಗೂಳಿಯೂ ಅಂದುಕೊಂಡೆವು. ಇನ್ನೂ, ಇನ್ನೂ. ಅಂತರ ಈಗ ಹೊಲದ ಕಡೆಗೆ ಬೆಳೆಯತೊಡಗಿತು. ಹೇಳಿದೆ. ಮತ್ತೆ ಇನ್ನೂ ಎಂದರು. ಗೂಳಿ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ, ಏಕೆಂದರೆ ಅದು ನನ್ನ ಮಾತಲ್ಲ. ಇಷ್ಟು ವರ್ಷದಲ್ಲಿ ನಾವು ಕಲಿತ ಶಿಸ್ತು ಅದೇ ತಾನೆ.

ದಾರಿಯ ಕಡೆಯ ಮೂಲೆಗಂಬ ಕಲ್ಲಿನಿಂದ ಮೇಲೆದ್ದು ಅದರ ಕೆಳಗೆ ಬೆಳಕು ಕಂಡಿತು. ಅಷ್ಟರಲ್ಲಿ ನಡುತೊಲೆ ಸಿಡಿದ ಸದ್ದು. ಚಪ್ಪರದಲ್ಲಿದ್ದ ಹಸುಗಳೆಲ್ಲ ಒಟ್ಟಿಗೆ ಎದ್ದುನಿಂತವು. ಗೂಳಿ ರಾಟೆಗೆ ತಡೆ ಹಾಕಿ ಕೈ ತೆಗೆದುಬಿಟ್ಟ.

ಅವರು ದಾರಿ ದಾಟಿ ಬಂದರು. ಯಾರು ನಿಲ್ಲಿಸು ಅಂದದ್ದು ಎಂದು ಕೇಳಿದರು. ಗೂಳಿ ತಲೆ ತಗ್ಗಿಸಿದ. ನಾನು ಹತ್ತಿರ ಹೋಗಿ, ರೀ, ದಾರ ದಾಟಿ ತುಂಬ ಹೋಗಿದೆ ಎಂದೆ.

"ಇನ್ನೂ ವಾಲಿದೆಯಲ್ಲೇ, ಕಾಣಲ್ವಾ ನಿಂಗೆ?" ಎಂದು ಅವರು ಅಂಗೈಯನ್ನು ನಿಲ್ಲಿಸಿ, ಹೀಗೆ ಬರಬೇಕು ಎಂದು ತೋರಿಸಿದರು. ಆ ಅಂಗೈ ಓರೆಯಾಗಿತ್ತು ಗುಬ್ಬಿ. ನಮ್ಮ ಗಡಿಯಾರ ತೂಗುತ್ತಿತ್ತಲ್ಲ, ಅದೇ ಓರೆ. ಮೇಜು, ಗಡಿಯಾರ, ನನ್ನ ಸೊಂಟ ಎಲ್ಲ ಒಟ್ಟಿಗೆ ಅರ್ಥವಾಯಿತು.

ಅವರೇ ದಾರದ ಹತ್ತಿರ ಹೋಗಿ ನಿಂತರು. ನೋಡಿದರು. ತಲೆಯನ್ನು ಆ ಕಡೆ ಈ ಕಡೆ ಮಾಡಿ ನೋಡಿದರು. ಆಮೇಲೆ ಮೆಲ್ಲಗೆ, "ದಾರಾನೇ ಓರೆ ಇದೆ" ಅಂದರು.

ಅವರು ಗುಂಡನ್ನು ಹಿಡಿದು, ತೂಗಾಡಲು ಬಿಟ್ಟು, ಅದು ತಾನಾಗಿ ನಿಲ್ಲುವವರೆಗೆ ಕಾದರು. ನಿಂತಿತು. ಮತ್ತೆ ತೂಗಿಬಿಟ್ಟರು. ಮತ್ತೆ ಅಲ್ಲೇ ನಿಂತಿತು. ತೂಗುಗುಂಡು ಓರೆಯಾಗಿ ನಿಲ್ಲುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಗುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಪಕ್ಕದ ದಿಮ್ಮಿಯ ಮೇಲೆ ಕೂತುಬಿಟ್ಟರು. ನಿಮ್ಮ ಅಪ್ಪ ತೀರಿಕೊಂಡಾಗಲೂ ಅವರ ಮುಖ ಹಾಗಾದದ್ದನ್ನು ನಾನು ನೋಡಿರಲಿಲ್ಲ.

ಡಾಕ್ಟರ ಹತ್ತಿರ ಹೋದೆವು. ಕಣ್ಣಿನಲ್ಲಿ ದೋಷವಿಲ್ಲವಂತೆ. ಯಾವುದು ನೆಟ್ಟಗಿದೆ ಎಂದು ತೀರ್ಮಾನಿಸುವ ಜಾಗ ಮೆದುಳಿನಲ್ಲಿ ಬೇರೆ ಇದೆಯಂತೆ, ಅದಕ್ಕೆ ಪೆಟ್ಟಾಗಿದೆ. ಕೆಲವರಿಗೆ ತಾನಾಗಿ ಸರಿಹೋಗುತ್ತದೆ, ಕೆಲವರಿಗೆ ಇಲ್ಲ ಎಂದರು. ಅಭ್ಯಾಸ ಮಾಡಲು ಏನೇನೋ ಹೇಳಿಕೊಟ್ಟರು. ನಿನ್ನಣ್ಣ ಅದೊಂದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಏಳುವಾಗ ಒಂದೇ ಒಂದು ಪ್ರಶ್ನೆ ಕೇಳಿದರು. "ಅದಕ್ಕೂ ಮುಂಚೆ ನಾನು ನೋಡಿದ್ದೆಲ್ಲ ಸರಿ ಇತ್ತಾ ಡಾಕ್ಟ್ರೆ?" ಇತ್ತು, ಅದರಲ್ಲಿ ಅನುಮಾನವೇ ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಚಪ್ಪಲಿ ಹಾಕಿಕೊಂಡರು.

ಗೂಳಿ ಮರುದಿನ ಮನೆಗೆ ಬಂದು, ಪಕ್ಕದೂರಿನಿಂದ ಇನ್ನೊಬ್ಬ ಮೇಸ್ತ್ರಿಯನ್ನು ಕರೆಸೋಣವಾ ಎಂದು ನನ್ನನ್ನು ಅಡುಗೆಮನೆಯಲ್ಲಿ ಕೇಳಿದ. ಕೇಳುವಾಗ ಅವನ ಕಣ್ಣಲ್ಲೇ ನೀರು. ಒಡತಿಗೆ ಅವನು ಮರ ಒಣಗಿತ್ತು, ಅದಕ್ಕೇ ಸಿಡಿಯಿತು ಎಂದು ಹೇಳಿ ಬಾಯಿ ಮುಚ್ಚಿಸಿದ್ದನಂತೆ. ನಿನ್ನಣ್ಣ ಹಜಾರದಲ್ಲಿ ಕೂತಿದ್ದರು, ಎಲ್ಲ ಕೇಳಿಸುತ್ತಿತ್ತು. ಅವನು ಹೋದ ಮೇಲೆ ಎದ್ದು ಕಿಟಕಿಯ ಪಕ್ಕ ಹೋಗಿ ಕೂತರು. ನನಗೆ ಆ ಕೊಟ್ಟಿಗೆಯ ಚಿಂತೆ ಇರಲಿಲ್ಲ ಕಣೇ, ಬಿದ್ದರೆ ಬೀಳಲಿ. ಇನ್ನೊಬ್ಬ ಬಂದು ಇವರ ಎದುರಿಗೆ ಆ ಮಾತು ಆಡಿದರೆ ಇವರು ಮತ್ತೆ ಆ ಕಿಟಕಿಯ ಪಕ್ಕದಿಂದ ಏಳುವುದಿಲ್ಲ ಎಂದು ಮಾತ್ರ ಗೊತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, ನನ್ನ ಕಡೆ ನೋಡದೆ, "ನೀನು ಹೇಳು, ನಾನು ಕೂಗ್ತೀನಿ" ಅಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸಕ್ಕರೆ ಡಬ್ಬಿ ಇಡುವ ನೆಪ ಮಾಡಿ ಒಳಗೆ ಹೋಗಿ ಅತ್ತುಬಿಟ್ಟೆ. ಯಾರ ಹತ್ತಿರವೂ ಏನನ್ನೂ ಕೇಳದ ನಿನ್ನಣ್ಣ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೂಡ ಕೇಳದೆ ಊರೆಲ್ಲ ಸುತ್ತುವ ಮನುಷ್ಯ, ತನ್ನ ಕಣ್ಣನ್ನು ನನ್ನ ಕೈಗೆ ಕೊಟ್ಟಂತಾಗಿತ್ತು.

ಸರಪಳಿ ಸಡಿಲಿಸಿ, ಸಿಡಿದ ತೊಲೆಯ ತುದಿಗೆ ಹೊಸ ಮರ ಕೂರಿಸಿ ಗಟ್ಟಿ ಮಾಡಲು ಕೆಲವು ದಿನ ಹಿಡಿಯಿತು. ಅದನ್ನೂ ಅವರೇ ಮಾಡಿದರು. ಆಮೇಲೆ ಮತ್ತೆ ಎಳೆಯುವ ದಿನ ಬಂತು. ಸುದ್ದಿ ಹರಡಿ ಅಕ್ಕಪಕ್ಕದವರೂ ನೋಡಲು ಬಂದಿದ್ದರು. ನಾನು ಎಲ್ಲ ಕಂಬಗಳಿಗೂ ದಾರ ಇಳಿಬಿಟ್ಟು, ಪ್ರತಿಯೊಂದರ ಎರಡೆರಡು ಮುಖ ಅಳೆದು, ತೊಲೆಗಳ ಮೇಲೆ ರಸಮಟ್ಟ ಇಟ್ಟು ನೋಡಿ, ಎಲ್ಲ ಸೇರಿದಾಗ ಎಲ್ಲಿ ನಿಲ್ಲಬೇಕು, ಎಷ್ಟು ಹೆಚ್ಚು ಎಳೆಯಬೇಕು ಎಂದು ಮೊದಲೇ ಮನಸ್ಸಿನಲ್ಲಿ ಗುರುತು ಮಾಡಿಕೊಂಡಿದ್ದೆ. ಗುಂಡು ತಲುಪಬೇಕಾದ ಜಾಗದಲ್ಲಿ ಒಂದು ಬಿಳಿ ಗೀರು ಎಳೆದಿದ್ದೆ, ದಾರಿಯ ಆಚೆಗೂ ಕಾಣುವಷ್ಟು ದಪ್ಪ. ಅವರಿಗೆ ನೀರು ತಂದವಳ ಹಾಗೆ ಚೊಂಬು ಹಿಡಿದುಕೊಂಡು ಅವರ ಪಕ್ಕ ನಿಂತೆ. ಅವರ ಮೊಣಕೈ ನನ್ನ ಕೈಯಲ್ಲಿತ್ತು. ಗೂಳಿ ಮಾತ್ರ ಎಲ್ಲ ತಿಳಿದವನು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ, ಕಿವಿ ಮಾತ್ರ ಇತ್ತ ಕೊಟ್ಟು ರಾಟೆ ತಿರುಗಿಸುತ್ತಿದ್ದ.

ಗುಂಡು ಗೀರಿಗೆ ಬಂತು. ಮೊಣಕೈ ಒತ್ತಿದೆ. ಅವರು ಕೂಗಲಿಲ್ಲ. ಅವರ ಕಣ್ಣಿಗೆ ಅದು ಇನ್ನೂ ದಾರಿಗೆ ವಾಲಿಯೇ ಇತ್ತು, ಅದು ನನಗೆ ಗೊತ್ತಿತ್ತು. ಇನ್ನೊಮ್ಮೆ ಒತ್ತಿದೆ. "ಹೌದಾ?" ಎಂದು ನನಗೊಬ್ಬಳಿಗೇ ಕೇಳುವಂತೆ ಅಂದರು. ಹೌದು ಎಂದೆ. ಆಗ ಕೂಗಿದರು, "ಸಾಕು!"

ಹಳೆಯ ದನಿ ಗುಬ್ಬಿ, ಅದೇ ಹಳೆಯ ದನಿ. ಗೂಳಿಯ ಕೈ ಅಲ್ಲೇ ನಿಂತಿತು. ಎಳೆತ ಬಿಟ್ಟಾಗ ಕಟ್ಟಡ ಒಮ್ಮೆ ನಿಟ್ಟುಸಿರುಬಿಟ್ಟಂತೆ ಸದ್ದು ಮಾಡಿ, ಹಿಂದಕ್ಕೆ ಸರಿದು, ದಾರ ಹೇಳಿದ ಜಾಗದಲ್ಲಿ ಕೂತಿತು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಒಡತಿ ಅಳುತ್ತಾ ಬಂದು ಅವರ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಓರೆ ಆಸರೆಗಳನ್ನು ಹೊಸದಾಗಿ ಕೂರಿಸಿ ಗೂಟ ಬಡಿದೆವು. ಈಗ ಆ ದಾರಿಯಲ್ಲಿ ಹೋಗುವ ಮಕ್ಕಳು ಓಡುವುದಿಲ್ಲ. ಹಸುಗಳು ಒಳಗೆ ಬಂದಿವೆ.

ಇಷ್ಟೇ ಸುದ್ದಿ. ಅವರು ಊಟ ಮಾಡುತ್ತಾರೆ, ಮಾತ್ರೆ ಮರೆಯುವುದಿಲ್ಲ, ನಡೆದಾಡುತ್ತಾರೆ. ಗಡಿಯಾರವನ್ನು ನಾನೀಗ ಅವರಿಗೆ ಬೇಕಾದ ಹಾಗೇ ಬಿಟ್ಟಿದ್ದೇನೆ. ಇದನ್ನೆಲ್ಲ ಓದಿ ತಕ್ಷಣ ಫೋನು ಮಾಡಿ ಅಳಬೇಡ, ಅವರಿಗೆ ಅನುಮಾನ ಬರುತ್ತದೆ. ಎರಡು ದಿನ ಬಿಟ್ಟು ಮಾಡು, ಹವಾಮಾನ ಕೇಳು, ಆಮೇಲೆ ಅಳು. ಕಾಲು ಸರಿಹೋದ ಮೇಲೆ ಬಾ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ, ಮಕ್ಕಳಿಬ್ಬರಿಗೂ ತುಂಬು ಮನಸ್ಸಿನ ಆಶೀರ್ವಾದ. ದೊಡ್ಡವಳ ಪರೀಕ್ಷೆ ಚೆನ್ನಾಗಿ ಆಗಲಿ. ಚಿಕ್ಕವನು ಇನ್ನೂ ಬೆರಳು ಚೀಪುತ್ತಾನಾ? ಬಿಡಿಸಬೇಡ, ತಾನಾಗಿ ಬಿಡುತ್ತಾನೆ. ನೀನು ಎಲ್ಲಿದ್ದರೂ ನಗುನಗುತ್ತಾ ಇರು.

ನಿನ್ನ ಕೊಕ್ಕರೆ

ಮತ್ತೆ: ಕಾಗದ ಮಡಚಿದ್ದೆ. ಮನಸ್ಸು ಒಪ್ಪಲಿಲ್ಲ, ಬಿಡಿಸಿ ಬರೆಯುತ್ತಿದ್ದೇನೆ. ಅವರು ಹೊರಗೆ ಹೋಗಿದ್ದಾರೆ ಎಂದೆನಲ್ಲ, ಹೋಗಿರುವುದು ಆ ಕೊಟ್ಟಿಗೆಗೆ. ದಿನಾ ಹೋಗುತ್ತಾರೆ. ಹೋಗಿ ದಾರಿಯ ಕಡೆಯ ಗೋಡೆಯ ಪಕ್ಕ ನಿಲ್ಲುತ್ತಾರಂತೆ, ಆ ಬದಿಯಲ್ಲಿ ಹಸು ಕಟ್ಟಬೇಡಿ ಎಂದು ಹೇಳುತ್ತಾರಂತೆ. ಮೊನ್ನೆ ಒಡತಿ ಹೇಳಿಕಳಿಸಿದಾಗ ನಾನು ಹಿಂದೆಯೇ ಹೋದೆ. ಡಾಕ್ಟರು ಹೇಳಿದ್ದು ಅವರ ತಲೆಗೆ ಗೊತ್ತು, ಕಣ್ಣು ಕೇಳುವುದಿಲ್ಲ. ಅವರಿಗೆ ಅದು ಇವತ್ತೋ ನಾಳೆಯೋ ಬೀಳುವಂತೆ ಕಾಣುತ್ತದೆ. ನಾನು ಹೋದಾಗ ಅವರೊಬ್ಬರೇ ಒಂದು ದೊಡ್ಡ ಕಂಬವನ್ನು ಎತ್ತಿ ಗೋಡೆಗೆ ಆಸರೆ ಕೊಡಲು ಹೆಣಗುತ್ತಿದ್ದರು. ಎಡಗೈ ನಡುಗುತ್ತಿತ್ತು. ಕಂಬ ಜಾರಿ ಕಾಲ ಮೇಲೆ ಬೀಳುವುದರಲ್ಲಿತ್ತು. ಬಿಡಿ, ಅದು ನೆಟ್ಟಗಿದೆ ಎಂದು ನೂರು ಸಲ ಹೇಳಿಯಾಗಿತ್ತು. ಓಡಿಹೋಗಿ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ನೆಟ್ಟಗಿರುವ ಗೋಡೆಗೆ ಆಸರೆ ಕೊಟ್ಟೆವು. ಅವರು ಬುಡಕ್ಕೆ ಬೆಣೆ ಬಡಿದು ಬಿಗಿಮಾಡಿ, ಕೈ ಕೊಡವಿಕೊಂಡು, ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. "ಹಾಗಾದ್ರೆ ಇದು ಇನ್ನೂ ವಾಲಿರೋದು ನಿಂಗೂ ಗೊತ್ತಿತ್ತು" ಅಂದರು. "ಗೊತ್ತಿದ್ದೂ ನನ್ನ ಕೈಲಿ ಕೂಗಿಸಿದೆ."

ಇಲ್ಲ ಎಂದರೆ ಕಂಬ ಯಾಕೆ ಹಿಡಿದೆ ಎಂದು ಹೇಳಬೇಕು. ಕರುಣೆಯಿಂದ ಹಿಡಿದೆ ಎಂದು ಅವರಿಗೆ ಹೇಗೆ ಹೇಳಲಿ. ಬಾಯಿ ತೆಗೆಯುವಷ್ಟರಲ್ಲಿ ಅವರು ಮುಂದೆ ಹೋಗಿಬಿಟ್ಟಿದ್ದರು. ಮನೆಯವರೆಗೂ ಹಿಂದೆಯೇ ನಡೆದೆ. ಅಂದಿನಿಂದ ಅವರು ನನ್ನನ್ನು ಏನೂ ಕೇಳುವುದಿಲ್ಲ ಗುಬ್ಬಿ.